ಎಪ್ಪತ್ತು ವರ್ಷಗಳ ಗಡುವು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



1788ರ ಆಗಸ್ಟ್‌ನಲ್ಲಿ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ವರ್ಷ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಒಂದು ಸಣ್ಣ ಸಭೆಯ ವಿಷಯ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ಲಂಡನ್ನಿನ ಗುಲಾಮ ವ್ಯಾಪಾರ ವಿರೋಧಿಗಳನ್ನು ಕಂಡು ಬಂದಿದ್ದ ಬ್ರಿಸ್ಸೋ ಎಂಬ ಬರಹಗಾರ ಅಂದು 'ಕಪ್ಪು ಜನರ ಮಿತ್ರರ ಸಂಘ'ವನ್ನು ಆರಂಭಿಸಿದ.

ಆಗ ಫ್ರಾನ್ಸಿನ ಅತಿ ಶ್ರೀಮಂತ ವಸಾಹತು ಸಾಂ ಡೊಮಾಂಗ್, ಅಂದರೆ ಇಂದಿನ ಹೈಟಿ. ಅಲ್ಲಿನ ಕಬ್ಬು, ಕಾಫಿ ತೋಟಗಳಲ್ಲಿ ಸುಮಾರು 5 ಲಕ್ಷ ಆಫ್ರಿಕನ್ ಗುಲಾಮರು ದುಡಿಯುತ್ತಿದ್ದರು. 1685ರ ಕಾನೂನು ಅವರನ್ನು ಚರಾಸ್ತಿ ಎಂದು ಬರೆದಿತ್ತು. ಮೇಜು ಕುರ್ಚಿಯ ಸಾಲಿಗೆ!

ಇದು ತಪ್ಪೆಂದು ವಿಚಾರವಂತರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1748ರಲ್ಲೇ ಮಾಂಟೆಸ್ಕ್ಯೂ ಗುಲಾಮಗಿರಿಯ ಸಮರ್ಥಕರನ್ನು ಲೇವಡಿ ಮಾಡಿ ಬರೆದ. 1770ರಲ್ಲಿ ಬಂದ ರೆನಾಲನ ಇತಿಹಾಸ ಗ್ರಂಥದ ಮುಂದಿನ ಆವೃತ್ತಿಗಳಿಗೆ ದಿದೆರೋ ಕಿಡಿಕಾರುವ ಪುಟಗಳನ್ನು ಬರೆದುಕೊಟ್ಟ.

ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಕೊಂಡೊರ್ಸೆಯ ಬಗ್ಗೆ. ಈತ ದೊಡ್ಡ ಗಣಿತಜ್ಞ, ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ. 1781ರಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಪುಸ್ತಕ ಬರೆದು, ಶ್ವಾರ್ಟ್ಸ್ ಎಂಬ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಪ್ಪು ಎಂದೇ ಅರ್ಥ. ಪುಸ್ತಕದ ಆರಂಭದಲ್ಲಿ ಗುಲಾಮರನ್ನು ಸಹೋದರರೆಂದು ಕರೆದು ಒಂದು ಪತ್ರವಿದೆ. ಅವರು ಇದನ್ನು ಎಂದೂ ಓದಲಾರರು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಗುಲಾಮಗಿರಿ ಅಪರಾಧ, ಕಳವಿಗಿಂತ ಹೀನವಾದದ್ದು ಎಂಬುದು ಅವನ ವಾದ. ಓದುವಾಗ ಎದೆ ತುಂಬಿ ಬರುತ್ತದೆ. ಆದರೆ ಪರಿಹಾರದ ಪುಟಗಳಿಗೆ ಬಂದಾಗ ಲೆಕ್ಕಾಚಾರ ಶುರುವಾಗುತ್ತದೆ. ಮುಂದೆ ಹುಟ್ಟುವ ಮಗುವಿಗೆ 35ನೇ ವಯಸ್ಸಿನಲ್ಲಿ ಬಿಡುಗಡೆಯಂತೆ! ಹೀಗೆ ಗುಲಾಮಗಿರಿ ಪೂರ್ತಿ ತೊಲಗಲು ಸುಮಾರು 70 ವರ್ಷ.

ಅಪರಾಧವೆಂದು ಒಪ್ಪಿದ ಮೇಲೆ 70 ವರ್ಷ ಏಕೆ? ತೋಟದ ಮಾಲೀಕರು ಬಲಾಢ್ಯರಾಗಿದ್ದರು, ಒಮ್ಮೆಗೇ ಕೇಳಿದರೆ ಏನೂ ಸಿಗದೆಂಬ ಭಯವಿತ್ತು. ಬ್ರಿಸ್ಸೋನ ಸಂಘವೂ ಮೊದಲು ಕೇಳಿದ್ದು ಗುಲಾಮ ವ್ಯಾಪಾರದ ನಿಲುಗಡೆಯನ್ನು ಮಾತ್ರ. ಅಷ್ಟಕ್ಕೇ ಅವರನ್ನು ದೇಶದ್ರೋಹಿಗಳೆಂದು ಜರೆಯಲಾಯಿತು. ಅವರ ಧೈರ್ಯವನ್ನು ನಾನು ಕಡೆಗಣಿಸುವುದಿಲ್ಲ. ಆದರೂ ಆ ಗಡುವನ್ನು ಹಾಕಿದವನು ಒಂದು ದಿನವೂ ಕಬ್ಬಿನ ಗದ್ದೆಯಲ್ಲಿ ನಿಂತವನಲ್ಲ.

ಗದ್ದೆಯಲ್ಲಿದ್ದವರು ಕಾಯಲಿಲ್ಲ. 1791ರ ಆಗಸ್ಟ್‌ನಲ್ಲಿ ಸಾಂ ಡೊಮಾಂಗ್‌ನ ಗುಲಾಮರು ದಂಗೆ ಎದ್ದರು. ಎರಡೇ ವರ್ಷಗಳಲ್ಲಿ ಅಲ್ಲಿನ ಫ್ರೆಂಚ್ ಆಯುಕ್ತ ಸೊಂತೊನಾಕ್ಸ್ ಅವರ ಬಿಡುಗಡೆಯನ್ನು ಘೋಷಿಸಲೇಬೇಕಾಯಿತು. 1794ರ ಫೆಬ್ರವರಿ 4ರಂದು ಪ್ಯಾರಿಸ್‌ನ ಸಭೆ ಎಲ್ಲ ಫ್ರೆಂಚ್ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದುಪಡಿಸಿತು. ಆ ಸಭೆಯಲ್ಲಿ ಒಂದು ಕಾಲದ ಗುಲಾಮ ಬೆಲೇ ಚುನಾಯಿತ ಸದಸ್ಯನಾಗಿ ಕುಳಿತಿದ್ದ. ಬ್ರಿಸ್ಸೋ ಅಷ್ಟರಲ್ಲಿ ಗಿಲೊಟಿನ್‌ಗೆ ಬಲಿಯಾಗಿದ್ದ. ತಲೆಮರೆಸಿಕೊಂಡಿದ್ದ ಕೊಂಡೊರ್ಸೆ ಮುಂದಿನ ತಿಂಗಳು ಬಂಧನದಲ್ಲಿ ತೀರಿಕೊಂಡ. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮರಳಿ ತಂದ. ಬೆಲೇ ಸೆರೆಯಲ್ಲೇ ಸತ್ತ. ಹೈಟಿಯವರು ಮಾತ್ರ ಹೋರಾಡಿ 1804ರಲ್ಲಿ ಸ್ವತಂತ್ರರಾದರು. ಉಳಿದ ಫ್ರೆಂಚ್ ವಸಾಹತುಗಳು 1848ರವರೆಗೆ ಕಾಯಬೇಕಾಯಿತು.

ಟ್ಯುನಿಸ್‌ನ ಅಹ್ಮದ್ ಬೇ ಅದಕ್ಕೂ ಎರಡು ವರ್ಷ ಮೊದಲೇ, 1846ರಲ್ಲಿ, ತನ್ನ ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ್ದ. ಈ ಮಾತಿಗೆ ನೀವು ಚಪ್ಪಾಳೆ ತಟ್ಟುವ ಮೊದಲು ಇನ್ನೊಂದನ್ನೂ ಹೇಳಬೇಕು. ಗುಲಾಮರ ವಿಮೋಚನೆ ದೊಡ್ಡ ಪುಣ್ಯಕಾರ್ಯವೆಂದು ಕುರ್‌ಆನ್‌ನಲ್ಲಿ ಓದುತ್ತಲೇ ನಮ್ಮವರೂ ಶತಮಾನಗಳ ಕಾಲ ಗುಲಾಮರನ್ನು ಕೊಂಡರು, ಮಾರಿದರು. ಸೌದಿ ಅರೇಬಿಯಾದಲ್ಲಿ ಕಾನೂನು ಪ್ರಕಾರ ಅದು ನಿಂತದ್ದು 1962ರಲ್ಲಿ.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಬಹುದು.