ಕೆನಡಾದ ಕೆರೆಗೊಬ್ಬ ನೀರುಗಂಟಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು 1988ರ ಎಸ್‌ಎಸ್‌ಎಲ್‌ಸಿ ತಂಡದವನು. ಕೆನಡಾದಿಂದ ಬಂದಿದ್ದೀಯ, ಅಲ್ಲಿನ ಅನುಭವ ಏನಾದರೂ ಹೇಳು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಹಿಮ, ಸಂಬಳ, ವೀಸಾ ಇವೆಲ್ಲ ನಿಮಗೆ ಗೊತ್ತಿರುವ ವಿಷಯವೇ. ಈಗ ಎರಡು ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ನಾನು ಒಂದು ಸಂಘದ ವಿಷಯ ಹೇಳುತ್ತೇನೆ. ಒಂದು ಸರೋವರದ ಸುತ್ತ ಮನೆ ಇರುವವರ ಸಂಘ. ಅದಕ್ಕೆ ನಾನು ಮೊದಲು ತಪ್ಪಿತಸ್ಥನಾಗಿ ಪರಿಚಯವಾದೆ, ಆಮೇಲೆ ಕೆಲಸಗಾರನಾದೆ.

ಒಂಟಾರಿಯೊ ಪ್ರಾಂತ್ಯದಲ್ಲಿ 2,50,000ಕ್ಕೂ ಹೆಚ್ಚು ಸರೋವರಗಳಿವೆ. ನಮ್ಮ ಕೆರೆಗಳ ಹಾಗೆ ಏರಿ ಕಟ್ಟಿ ತೂಬು ಇಟ್ಟು ಮಾಡಿದವಲ್ಲ. ಹಿಮಯುಗದಲ್ಲಿ ನೀರ್ಗಲ್ಲು ಬಂಡೆಯನ್ನು ಉಜ್ಜಿ ಉಜ್ಜಿ ತೋಡಿದ ಹಳ್ಳಗಳು. ಆ ದಡಗಳಲ್ಲಿ ಸಾವಿರಾರು ವರ್ಷ ಬದುಕಿದವರು ಅನಿಶಿನಾಬೆ ಮೊದಲಾದ ಮೂಲನಿವಾಸಿ ಜನ; ನಾವೆಲ್ಲ ಆಮೇಲೆ ಬಂದವರು. ಬೇಸಗೆಯಲ್ಲಿ ಪಟ್ಟಣದವರು ಹೋಗಿ ತಂಗುವ ಮನೆಗೆ ಅಲ್ಲಿ ಕಾಟೇಜ್ ಅನ್ನುತ್ತಾರೆ. ನಿಘಂಟಿನಲ್ಲಿ ಅದಕ್ಕೆ ಗುಡಿಸಲು ಎಂದು ಅರ್ಥವಿದೆ. ಕೆಲವು ಗುಡಿಸಲುಗಳು ನಮ್ಮೂರ ಕಲ್ಯಾಣಮಂಟಪಕ್ಕಿಂತ ದೊಡ್ಡವು, ಅದು ಬೇರೆ ಮಾತು.

ನಮ್ಮದು ಅಂಥದ್ದಲ್ಲ. 2013ರಲ್ಲಿ ಇನ್ನೊಂದು ಕನ್ನಡ ಕುಟುಂಬದ ಜೊತೆ ಪಾಲು ಹಾಕಿ, ಹ್ಯಾಲಿಬರ್ಟನ್ ಕಡೆ ಎರಡು ಕೋಣೆಯ ಹಳೆಯ ಮರದ ಮನೆ ಕೊಂಡೆವು. ಕೊಂಡ ವರ್ಷವೇ ನಾನು ಮಾಡಿದ ಕೆಲಸ ಕೇಳಿ. ದಡದಲ್ಲಿ ಮೊಣಕಾಲೆತ್ತರ ಪೊದೆ ಬೆಳೆದಿತ್ತು. ನೀರು ಚೆನ್ನಾಗಿ ಕಾಣಲಿ ಎಂದು, ನಮ್ಮಪ್ಪ ಹೊಲದ ಬದು ಸವರುತ್ತಿದ್ದ ಹಾಗೆ, ಅದನ್ನೆಲ್ಲ ಸವರಿ ಹಾಕಿದೆ. ಹುಲ್ಲುಹಾಸು ಮಾಡಿ ಗೊಬ್ಬರ ಚೆಲ್ಲಿದೆ. ಮನೆಯ ಸೆಪ್ಟಿಕ್ ಟ್ಯಾಂಕನ್ನು ಹಿಂದಿನ ಮಾಲೀಕರು ಯಾವಾಗ ಖಾಲಿ ಮಾಡಿಸಿದ್ದರು ಎಂದು ಕೇಳಲೇ ಇಲ್ಲ. ನಾಲ್ಕು ಜನಕ್ಕೆಂದು ಹೂತಿದ್ದ ಟ್ಯಾಂಕು ಅದು. ಬೇಸಗೆಯ ರಜೆಯಲ್ಲಿ ನಮ್ಮಲ್ಲಿ ಹದಿನಾಲ್ಕು ಜನ ಇರುತ್ತಿದ್ದೆವು. ಬಿಸಿಬೇಳೆಬಾತಿನ ಪಾತ್ರೆ ತೊಳೆದ ನೀರೂ ಅದರೊಳಕ್ಕೇ.

ಮನೆ ಕೊಂಡಾಗ ಸಂಘದವರು ಒಂದು ಕೈಪಿಡಿ ತಂದುಕೊಟ್ಟಿದ್ದರು. ಅದರಲ್ಲಿ ಇದೆಲ್ಲ ಮಾಡಬೇಡಿ ಎಂದು ಬರೆದಿತ್ತು. ಓದಿರಲಿಲ್ಲ.

2016ರ ಆಗಸ್ಟ್‌ನಲ್ಲಿ, ಗಾಳಿಯೇ ಇಲ್ಲದೆ ಧಗೆ ಹೊಡೆದ ಒಂದು ವಾರ ಕಳೆದ ಮೇಲೆ, ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಮುಂದಿನ ನೀರಿನಲ್ಲಿ ಯಾರೋ ಹಸಿರು ಬಣ್ಣದ ಡಬ್ಬಿ ಸುರಿದ ಹಾಗಿತ್ತು. ನೀಲಿ-ಹಸಿರು ಪಾಚಿ. ಪಾಚಿ ಅಂದರೂ ಅದು ನಿಜವಾಗಿ ಒಂದು ಬಗೆಯ ಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ವಿಷ ಬಿಡುತ್ತವೆ. ನೀರು ಕಾಯಿಸಿದರೆ ವಿಷ ಹೋಗುವುದಿಲ್ಲ. ಆ ನೀರು ಕುಡಿದ ನಾಯಿ ಸಾಯುವುದೂ ಉಂಟು. ಸಂಘದವರು ಸರ್ಕಾರಕ್ಕೆ ಫೋನ್ ಮಾಡಿ, ನೀರು ಪರೀಕ್ಷೆಗೆ ಹೋಗುವಂತೆ ನೋಡಿಕೊಂಡು, ಸಂಜೆಯೊಳಗೆ ಮನೆಮನೆಗೂ ಸುದ್ದಿ ಮುಟ್ಟಿಸಿದರು: ಕುಡಿಯಬೇಡಿ, ಈಜಬೇಡಿ, ಮಕ್ಕಳನ್ನೂ ನಾಯಿಯನ್ನೂ ಬಿಡಬೇಡಿ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಮಂಜು ಕರಗಿದ ಮೇಲಿನಿಂದ ಅಕ್ಟೋಬರ್‌ವರೆಗೆ ದಿನವೂ ಬೆಳಿಗ್ಗೆ ಈಜುತ್ತಿದ್ದವರು, ನಲವತ್ತು ವರ್ಷದ ಅಭ್ಯಾಸ. ಆ ಆಗಸ್ಟ್ ಪೂರ್ತಿ ಅವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದು, ದಡದಲ್ಲಿ ಕುರ್ಚಿ ಹಾಕಿ ಕೂತು, ವಾಪಸು ಹೋಗುತ್ತಿದ್ದರು. ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

ಆ ಸಂಘದಲ್ಲಿ ಒಂದು ಹುದ್ದೆಯಿದೆ, ಸರೋವರದ ಉಸ್ತುವಾರಿ ನೋಡುವವರದು. ಸಂಬಳವಿಲ್ಲ. ಆಗ ಆ ಕೆಲಸದಲ್ಲಿದ್ದವರು ಒಬ್ಬ ನಿವೃತ್ತ ಶಾಲಾ ಮೇಷ್ಟ್ರು. ಅವರ ಹುದ್ದೆಗೆ ಕನ್ನಡದಲ್ಲಿ ಏನನ್ನುತ್ತೀರಿ ಎಂದು ಒಮ್ಮೆ ಕೇಳಿದರು. ನೀರುಗಂಟಿ ಅಂದೆ. ಅವರಿಗೆ ಆ ಪದ ಬಹಳ ಇಷ್ಟವಾಗಿ, ತಮ್ಮ ದೋಣಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡರು. ಅದು ಆಮೇಲಿನ ಮಾತು. ಆವತ್ತು ಅವರು ನಮ್ಮ ಮನೆಗೆ ಬಂದು ಚಹಾ ಕುಡಿದು, ನಿಮ್ಮ ಟ್ಯಾಂಕ್ ಯಾವಾಗ ತೆಗೆಸಿದ್ದೀರಿ ಎಂದು ಕೇಳಿದರು ಅಷ್ಟೆ. ನಾನು ತಲೆ ಕೆರೆದುಕೊಂಡೆ.

ಮಾರನೆಯ ವಾರ ಕೆಲಸದವರನ್ನು ಕರೆಸಿ, ಶೌಚದಲ್ಲಿ ಬಣ್ಣ ಹಾಕಿ ನೀರು ಬಿಡಿಸಿದೆವು. ಟ್ಯಾಂಕಿನಿಂದ ಹೊರಬಿದ್ದ ನೀರು ತೂತಿನ ಪೈಪುಗಳ ಮೂಲಕ ಮಣ್ಣಿನಲ್ಲಿ ನಿಧಾನ ಇಂಗಿ ಶುದ್ಧವಾಗಬೇಕು. ನಮ್ಮ ಮನೆಯ ಬಣ್ಣ ಎರಡೇ ದಿನಕ್ಕೆ ದಡದ ಕಲ್ಲುಸಂದಿಯಲ್ಲಿ ಜಿನುಗಿತು.

ಮೇಷ್ಟ್ರು ಅಂದರು, 'ಪಾಚಿ ನಿನ್ನೊಬ್ಬನಿಂದ ಬಂದದ್ದಲ್ಲ. ಬಿಸಿಲಿದೆ, ಗಾಳಿ ನಿಂತದ್ದಿದೆ, ಇನ್ನೂ ಹತ್ತು ಮನೆಯ ಹಳೆಯ ಟ್ಯಾಂಕಿದೆ. ಆದರೆ ನಿನ್ನ ಪಾಲೂ ಇದೆ.'

ಹೊಸ ಟ್ಯಾಂಕಿಗೆ ನಮ್ಮ ಎರಡು ಮನೆಗಳ ಎರಡು ವರ್ಷದ ಉಳಿತಾಯ ಹೋಯಿತು. ಸಂಘ ದಂಡ ಹಾಕಲಿಲ್ಲ. ಹಾಕುವ ಅಧಿಕಾರವೂ ಅದಕ್ಕಿಲ್ಲ. ನಂಬಿಕೆಯ ಕೆಲಸದವರ ಪಟ್ಟಿ ಕೊಟ್ಟರು. ಅಗೆತ ನಡೆದ ಆರು ವಾರ ನಮಗೆ ಸ್ನಾನಕ್ಕೆ, ಶೌಚಕ್ಕೆ ಮನೆಯ ಬಾಗಿಲು ತೆರೆದಿಟ್ಟವರು ಆ ಅಜ್ಜಿಯೇ.

ಆ ವರ್ಷ ಸಂಘದ ವಾರ್ಷಿಕ ಸಭೆಯಲ್ಲಿ ಮೇಷ್ಟ್ರು ಒಂದು ಚಿತ್ರ ತೋರಿಸಿದರು. 1973ರಲ್ಲಿ ಒಂಟಾರಿಯೊದ ವಾಯವ್ಯ ಭಾಗದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ ಒಂದು ಸಣ್ಣ ಸರೋವರವನ್ನು ಪರದೆಯಿಂದ ಎರಡು ಪಾಲು ಮಾಡಿತು. ಅದಕ್ಕೆ ಹೆಸರಿಲ್ಲ, 226 ಎಂಬ ನಂಬರು. ಎರಡೂ ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಪಾಲಿಗೆ ಮಾತ್ರ ಜೊತೆಗೆ ರಂಜಕ, ಅಂದರೆ ಫಾಸ್ಫರಸ್ ಹಾಕಿದರು. ವಿಮಾನದಿಂದ ತೆಗೆದ ಫೋಟೋದಲ್ಲಿ ಪರದೆಯ ಒಂದು ಬದಿ ಕಪ್ಪು ನೀರು, ಇನ್ನೊಂದು ಬದಿ ಪೂರ್ತಿ ಹಸಿರು. ಪಾಚಿಗೆ ಮುಖ್ಯ ಊಟ ರಂಜಕ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೆಲವು ಮಾರ್ಜಕಗಳಲ್ಲಿದೆ, ಗೊಬ್ಬರದಲ್ಲಿದೆ, ನಮ್ಮ ಮಲಮೂತ್ರದಲ್ಲಿದೆ. ಒಂಟಾರಿಯೊ ಇಟ್ಟುಕೊಂಡಿರುವ ಮಿತಿ ಲೀಟರಿಗೆ 20 ಮೈಕ್ರೋಗ್ರಾಂ. ಅಂದರೆ 50,000 ಲೀಟರಿಗೆ 1 ಗ್ರಾಂ. ನಮ್ಮೂರಿಗೆ ಬೇಸಗೆಯಲ್ಲಿ ಬರುವ ನೀರಿನ ಟ್ಯಾಂಕರು ಹತ್ತು ನಿಲ್ಲಿಸಿ ಚಿಟಿಕೆ ಉಪ್ಪು ಉದುರಿಸಿದ ಹಾಗೆ. ಅದು ದಾಟಿದರೆ ಪಾಚಿಯ ಕಾಟ.

ಆ ಸಭೆಯಲ್ಲೇ ನಾನು ಕೈ ಎತ್ತಿ ಕೆಲಸ ಕೇಳಿದೆ. ಪ್ರಾಯಶ್ಚಿತ್ತ ಅಂದುಕೊಳ್ಳಿ.

ಅಲ್ಲಿನ ಪ್ರಾಂತ್ಯ ಸರ್ಕಾರ ಒಂದು ವ್ಯವಸ್ಥೆ ಮಾಡಿದೆ. ಸರೋವರದ ಜನಕ್ಕೆ ಸೀಸೆ, ಜರಡಿ ಇರುವ ಒಂದು ಪೆಟ್ಟಿಗೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ನಾವು ನೀರು ತುಂಬಿ ಅಂಚೆಗೆ ಹಾಕಿದರೆ, ಡಾರ್ಸೆಟ್ ಎಂಬ ಊರಿನ ಪ್ರಯೋಗಾಲಯ ರಂಜಕವನ್ನು ಅಳೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ನಮ್ಮಂಥ ಬಂಡೆನೆಲದ ಸರೋವರಕ್ಕೆ ವರ್ಷಕ್ಕೊಂದು ಸಲ, ಮೇ ತಿಂಗಳಲ್ಲಿ ಸಾಕು. ಮೇ ತಿಂಗಳೇ ಯಾಕೆ? ಇಲ್ಲೇ ನನಗೆ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದದ್ದು. ಒಂಬತ್ತನೇ ಕ್ಲಾಸಿನಲ್ಲಿ ಅವರು ಬೋರ್ಡಿನ ಮೇಲೆ ಬರೆದು ಮೂರು ಸಲ ಹೇಳಿಸಿದ್ದರು, ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರ ಎಂದು. ಬಾಯಿಪಾಠ ಮಾಡಿ ಎರಡು ಅಂಕ ತಗೊಂಡಿದ್ದೆ. ಮಂಜುಗಡ್ಡೆಯನ್ನೇ ಕಂಡಿರದ ನಮಗೆ ಅದು ಯಾವ ಲೆಕ್ಕ? ಸುಮಾರು ಮೂವತ್ತು ವರ್ಷದ ಮೇಲೆ ದೋಣಿಯಲ್ಲಿ ಕೂತಾಗ ಅರ್ಥವಾಯಿತು. ಮಂಜು ಕರಗಿ ಮೇಲಿನ ನೀರು ನಾಲ್ಕು ಡಿಗ್ರಿಗೆ ಬರುವಾಗ ಭಾರವಾಗಿ ಕೆಳಗಿಳಿಯುತ್ತದೆ, ಗಾಳಿ ಬೀಸಿ ಮೇಲಿಂದ ತಳದವರೆಗೆ ಇಡೀ ಸರೋವರ ಒಂದೇ ಆಗಿ ಕದಡುತ್ತದೆ. ಆಗ ತುಂಬಿದ ಒಂದು ಸೀಸೆ ಇಡೀ ಸರೋವರದ ಮಾದರಿ. ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಆ ಎರಡು ಅಂಕ ನಾನು ತಡವಾಗಿ ಸಂಪಾದಿಸಿದೆ.

ಇನ್ನೊಂದು ಅಳತೆ ಇನ್ನೂ ಸುಲಭ. 20 ಸೆಂಟಿಮೀಟರ್ ಅಗಲದ ಒಂದು ಬಿಲ್ಲೆ, ಕಪ್ಪು ಬಿಳಿ ನಾಲ್ಕು ಭಾಗ. ಬಿಲ್ಲೆ ಇಳಿಬಿಟ್ಟು ನೀರಿನ ತಿಳಿ ಅಳೆಯುವ ವಿಧಾನ ಇಟಲಿಯ ಸೆಕ್ಕಿ ಎಂಬ ಪಾದ್ರಿ, ಖಗೋಳ ವಿಜ್ಞಾನಿಯೂ ಹೌದು, 1865ರಲ್ಲಿ ಬಳಕೆಗೆ ತಂದದ್ದು. ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ದೋಣಿಯ ನೆರಳಿನ ಬದಿಯಲ್ಲಿ ಇಳಿಬಿಡಬೇಕು. ಮರೆಯಾದಾಗ ಎಷ್ಟು ಆಳ, ಎತ್ತುವಾಗ ಮತ್ತೆ ಕಂಡದ್ದು ಎಷ್ಟು ಆಳ, ಎರಡರ ಸರಾಸರಿ. ಅಷ್ಟೇ ವಿಜ್ಞಾನ. ಒಂದು ದಿನದ ಅಳತೆಯಿಂದ ಏನೂ ತಿಳಿಯುವುದಿಲ್ಲ, ಹತ್ತು ಹದಿನೈದು ವರ್ಷ ಬಿಡದೆ ಬರೆದರೆ ತಿಳಿಯುತ್ತದೆ. ನಮ್ಮ ಸಂಘದ ನಿಜವಾದ ಆಸ್ತಿ ಆ ನೋಟುಪುಸ್ತಕ.

ಸಂಘ ಅಂದರೆ ಪರಿಸರವೊಂದೇ ಅಲ್ಲ. ನೀರೊಳಗಿನ ಬಂಡೆಗೆ ದೋಣಿ ತಾಗದಂತೆ ಗುರುತಿನ ಬುರುಡೆ ಕಟ್ಟುವುದು, ಮಣ್ಣುರಸ್ತೆಗೆ ಜಲ್ಲಿ ಹಾಕಿಸುವುದು, ಚಳಿಗಾಲದಲ್ಲಿ ಕರೆಂಟು ಹೋದರೆ ಒಬ್ಬಂಟಿ ಮುದುಕರಿಗೆ ಫೋನ್ ಮಾಡುವುದು. ಆಗಸ್ಟ್‌ನಲ್ಲಿ ಮಕ್ಕಳಿಗೆ ಈಜು, ದೋಣಿ ಸ್ಪರ್ಧೆ. ಎಲ್ಲರೂ ಒಂದೊಂದು ಅಡುಗೆ ತರುವ ಊಟ. ನಮ್ಮ ಚಿತ್ರಾನ್ನಕ್ಕೆ ಈಗ ಮೊದಲೇ ಬೇಡಿಕೆ ಬರುತ್ತದೆ. ಒಟ್ಟಿಗೆ ಉಂಡವರಿಗೆ ನಿಮ್ಮ ಟ್ಯಾಂಕ್ ತೆಗೆಸಿದಿರಾ ಎಂದು ಕೇಳುವುದು ಸುಲಭ.

ಜಗಳ ಇಲ್ಲವೆ? ಧಾರಾಳ. ಅಲ್ಲಿ ಲೂನ್ ಎಂಬ ಹಕ್ಕಿಯಿದೆ, ಅವರ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಇರುವುದು ಅದೇ. ಕಾಲು ಬಾಲದ ಹತ್ತಿರ ಇರುವುದರಿಂದ ನೆಲದ ಮೇಲೆ ಸರಿಯಾಗಿ ನಡೆಯಲಾರದು, ನೀರಂಚಿನಲ್ಲೇ ಗೂಡು. ದೊಡ್ಡ ಮೋಟಾರು ದೋಣಿ ಜೋರಾಗಿ ಹೋದರೆ ಅಲೆ ಬಡಿದು ಮೊಟ್ಟೆ ತೇಲಿಹೋಗುತ್ತದೆ. ದಡದಿಂದ 30 ಮೀಟರ್ ಒಳಗೆ ಗಂಟೆಗೆ 10 ಕಿಲೋಮೀಟರ್ ಮಿತಿ ಎಂದು ನಿಯಮವಿದೆ. ಪಾಲಿಸದ ಒಬ್ಬ ಶ್ರೀಮಂತರ ಜೊತೆ ಎರಡು ವರ್ಷ ಮಾತುಕತೆ ನಡೆಯಿತು. ಕೊನೆಗೆ ಕೆಲಸ ಮಾಡಿದ್ದು ನಿಯಮವಲ್ಲ. ಲೂನ್ ಮರಿ ಎಣಿಸುವ ಗಣತಿ ಅಲ್ಲಿ 1981ರಿಂದ ನಡೆಯುತ್ತಿದೆ, ನಮ್ಮ ಸರೋವರದ ಗಣತಿಗೆ ಆ ವರ್ಷ ಅವರ ಮೊಮ್ಮಗಳನ್ನೇ ಸೇರಿಸಿಕೊಂಡೆವು. ಅವಳು ಮನೆಯಲ್ಲಿ ತಾತನಿಗೆ ಏನು ಹೇಳಿದಳೋ, ದೋಣಿ ನಿಧಾನವಾಯಿತು.

ಅವರೆಲ್ಲ ಮಹಾತ್ಮರು ಎಂದೇನೂ ಹೇಳುತ್ತಿಲ್ಲ. ನೀರು ಕೆಟ್ಟರೆ ಮನೆಯ ಬೆಲೆ ಬೀಳುತ್ತದೆ ಎಂಬ ಭಯವೂ ಇದೆ. ಕಾಟೇಜ್ ಕೊಳ್ಳಲಾಗದವರಿಗೆ ಆ ಸಭೆಯಲ್ಲಿ ಕುರ್ಚಿಯಿಲ್ಲ, ಅದು ನನಗೆ ಇಂದಿಗೂ ಸರಿಕಾಣದ ವಿಷಯ. ಆದರೆ ಇಂಥ ಸಂಘಗಳು 1963ರಲ್ಲೇ ಒಕ್ಕೂಟ ಕಟ್ಟಿಕೊಂಡಿವೆ. ಒಬ್ಬೊಬ್ಬರೇ ಹೋಗಿ ಸರ್ಕಾರದ ಬಾಗಿಲಲ್ಲಿ ನಿಲ್ಲುವುದು ತಪ್ಪಿದೆ. ಒಂದು ಸರೋವರದ ಕಳೆ ಇನ್ನೊಂದಕ್ಕೆ ದೋಣಿಗೆ ಅಂಟಿಕೊಂಡು ಹೋಗದಿರಲಿ ಎಂದು, ದೋಣಿಯ ನೀರು ಬಸಿದು, ಗಿಡ ಕಿತ್ತು ಸಾಗಿಸಬೇಕೆಂಬ ಕಾನೂನು 2022ರಿಂದ ಒಂಟಾರಿಯೊದಲ್ಲಿದೆ. ಅದಕ್ಕೂ ಮೊದಲು ದಡದಲ್ಲಿ ನಿಂತು ಅದನ್ನೇ ಕೈಮುಗಿದು ಹೇಳುತ್ತಿದ್ದವರು ಇಂಥ ಸಂಘಗಳವರು.

ನಮ್ಮ ದಡದಲ್ಲಿ ಈಗ ಮತ್ತೆ ಪೊದೆ ಬೆಳೆದಿದೆ. ನೀರು ಸರಿಯಾಗಿ ಕಾಣುವುದಿಲ್ಲ. ಅಜ್ಜಿ 2019ರವರೆಗೆ ಈಜಿದರು.

ಇನ್ನು ನಮ್ಮೂರ ಕೆರೆ. ನಮ್ಮ ಚಿಕ್ಕಂದಿನಲ್ಲಿ ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿ ತಾತನಿಗೆ ಕಣದಲ್ಲಿ ಭತ್ತದ ಪಾಲಿತ್ತು. ಬೋರ್‌ವೆಲ್ ಬಂದ ಮೇಲೆ ಆ ಪಾಲು ನಿಂತಿತು, ಅವರ ಮಗ ಬೆಂಗಳೂರಿಗೆ ಹೋದ. ಮೊನ್ನೆ ಏರಿಯ ಮೇಲೆ ನಡೆದು ಬಂದೆ. ಬಸ್‌ಸ್ಟ್ಯಾಂಡಿನ ಚರಂಡಿ ಎಲ್ಲಿ ಸೇರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಕೆರೆಯಲ್ಲಿ ಹೂಳಿನ ಕೆಂಪು ನೀರು, ಬಿಲ್ಲೆ ಬೇಗ ಮರೆಯಾಗುತ್ತದೆ. ಅಲ್ಲಿನ ಅಂಕಿಗೆ ಇದನ್ನು ಹೋಲಿಸಬಾರದು. ಇದನ್ನು ಇದಕ್ಕೇ, ಮುಂದಿನ ವರ್ಷಕ್ಕೆ ಹೋಲಿಸಬೇಕು.

ನಿನ್ನೆ ಸಂತೆಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಕತ್ತರಿಸಿ ಇದೊಂದು ಬಿಲ್ಲೆ ಮಾಡಿಸಿದ್ದೇನೆ. ಶಾಲೆಯ ವಿಜ್ಞಾನ ಕೋಣೆಗೆ ಕೊಡುತ್ತಿದ್ದೇನೆ, ಜೊತೆಗೆ ಇನ್ನೂರು ಪುಟದ ಖಾಲಿ ನೋಟುಪುಸ್ತಕ. ಮೀನು ಹಿಡಿಯುವವರು ತೆಪ್ಪ ಕೊಡಲು ಒಪ್ಪಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ತೂಬಿನ ಹತ್ತಿರ ಸೇರೋಣ. ಬಿಸಿಲು ಏರಿರಬೇಕು, ಬೇಗ ಬರಬೇಡಿ. ತೆಪ್ಪಕ್ಕೆ ಈಜು ಬಲ್ಲ ದೊಡ್ಡವರು ಇಬ್ಬರು ಸಾಕು. ಮಕ್ಕಳು ಏರಿಯ ಮೇಲೇ ಇರಬೇಕು. ಒಂಬತ್ತನೇ ತರಗತಿಯವರಲ್ಲಿ ಅಕ್ಷರ ದುಂಡಗಿರುವ ಒಬ್ಬರು ಪೆನ್ನು ತನ್ನಿ.