ಕಳ್ಳದಾರಿಯ ಗಾಳಿ

ರ‍್ಯಾಲಿಗೆಂದು ಮಾರ್ಪಡಿಸಿದ ಹಳೆಯ ಜಿಪ್ಸಿಯೊಂದು ಗ್ಯಾರೇಜಿಗೆ ಬಂದಿದೆ ಎನ್ನಿ. ಗೇರ್ ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರಿನ ಮೇಲೆ ಕಾಲಿಲ್ಲ. ನಿಮಿಷಕ್ಕೆ 800ರ ಆಸುಪಾಸು ತಿರುಗಬೇಕಾದ ಎಂಜಿನ್, ಬಿಸಿಯಾದ ಮೇಲೂ 2000 ಸುತ್ತು ಹೊಡೆಯುತ್ತಿದೆ. ಕೆಲವರು ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಬದಲಿಸಿ ಅನ್ನುತ್ತಾರೆ. ಅದು ದುಡ್ಡು ಕಳೆಯುವ ದಾರಿ.

ಪೆಟ್ರೋಲ್ ಎಂಜಿನ್ನಿನ ವೇಗ ಗಾಳಿಯ ಕೈಯಲ್ಲಿದೆ. ಥ್ರಾಟಲ್ ಮುಚ್ಚಿದ್ದರೂ ವೇಗ ಏರಿದೆಯೆಂದರೆ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿರಬೇಕು. ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರಿಸುವಾಗ ಸರಿಯಾಗಿ ಕೂರದ ಗ್ಯಾಸ್ಕೆಟ್, ಮುಚ್ಚಲು ಮರೆತ ವ್ಯಾಕ್ಯೂಮ್ ಪೈಪಿನ ಬಾಯಿ, ಬಿಸಿಗೆ ಬಿರಿದ ರಬ್ಬರ್, ಮಸಿ ಕಟ್ಟಿದ ಐಡಲ್ ವಾಲ್ವ್... ಮಾರ್ಪಡಿಸಿದ ಗಾಡಿಯಲ್ಲಿ, ಕೊನೆಗೆ ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು.

ಬಲ್ಲ ಮೆಕ್ಯಾನಿಕ್ ಥ್ರಾಟಲ್ ಕೇಬಲ್ ಬಿಗಿಯಾಗಿದೆಯೇ ಎಂದು ನೋಡಿ, ಆಮೇಲೆ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಅದುಮುತ್ತಾನೆ. ಯಾವುದನ್ನು ಅದುಮಿದಾಗ ಎಂಜಿನ್ನಿನ ವೇಗ ಥಟ್ಟನೆ ಇಳಿಯಿತೋ, ಅಲ್ಲೇ ಹುಡುಕಬೇಕು. ಎಷ್ಟು ಸರಳ, ಎಷ್ಟು ಚೆಂದ! ಈ ತಾಳ್ಮೆಯನ್ನು ನಾನು ಯಾವ ಸ್ಕ್ಯಾನರಿಗಿಂತಲೂ ಮೇಲಿಡುತ್ತೇನೆ. ಸ್ಕ್ರೂ ತಿರುಗಿಸಿ ಐಡಲ್ ತಗ್ಗಿಸಿದರೆ ಸದ್ದು ಇಳಿದೀತು, ಸೋರಿಕೆ ಹಾಗೇ ಉಳಿಯುತ್ತದೆ. ನಿಮ್ಮ ಗಾಡಿಯೂ ಹೀಗೆ ಕೂಗುತ್ತಿದ್ದರೆ, ಬಿಡಿಭಾಗ ಕೊಳ್ಳುವ ಮೊದಲು ಪೈಪುಗಳನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿ.