ಹನ್ನೆರಡು ಮಂದಿಯ ಹಡಗು

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದೇವಾಲಯದಲ್ಲಿ ಭಕ್ತಜನರು ನೆರೆಯುವ ನಡುವಣ ಭಾಗಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ನಾವಿಸ್' ಎಂದು ಹೆಸರು. ನಮ್ಮ 'ನಾವೆ' ಎಂಬ ಶಬ್ದ ಅದರ ದಾಯಾದಿಯೇ. ಆದುದರಿಂದ ಈ ಶುಭಸಂದರ್ಭದಲ್ಲಿ ಒಂದು ಹಡಗಿನ ವೃತ್ತಾಂತವನ್ನು ತಮ್ಮ ಮುಂದಿಡುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇನೆ.

ಅದರ ಹೆಸರು 'ಮೆರೆಡಿತ್ ವಿಕ್ಟರಿ'. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಒಂದೇ ಮಾದರಿಯಲ್ಲಿ ಕಟ್ಟಿಸಿದ ಐನೂರಕ್ಕೂ ಮಿಕ್ಕ ಸರಕು ಹಡಗುಗಳಲ್ಲಿ ಅದೂ ಒಂದು. 1945ರಲ್ಲಿ ಲಾಸ್ ಏಂಜಲೀಸಿನಲ್ಲಿ ನಿರ್ಮಾಣವಾಯಿತು. ಉದ್ದ 455 ಅಡಿ. ಸರಕಿಗೆ ಐದು ಉಗ್ರಾಣಗಳು. ನಾವಿಕರನ್ನು ಬಿಟ್ಟರೆ ಕೇವಲ 12 ಮಂದಿ ಪ್ರಯಾಣಿಕರಿಗೆ ಸ್ಥಳ. ಹೊರುವುದು, ಇಳಿಸುವುದು, ಮತ್ತೆ ಹೊರುವುದು. ಇಷ್ಟೇ ಅದರ ದುಡಿಮೆ.

1950ರ ಡಿಸೆಂಬರ್ ತಿಂಗಳಲ್ಲಿ ಕೊರಿಯಾ ಯುದ್ಧದ ನಡುವೆ ಅದು ಹಂಗ್ನಾಮ್ ಬಂದರನ್ನು ಸೇರಿತು. ಸೇನೆ ಹಿಂದೆಗೆಯುತ್ತಿತ್ತು; ಕೊರೆಯುವ ಚಳಿಯಲ್ಲಿ ಸಹಸ್ರಾರು ನಿರಾಶ್ರಿತರು ದಡದಲ್ಲಿ ನಿಂತಿದ್ದರು. ಅದು ವ್ಯಾಪಾರಿ ಹಡಗಾದುದರಿಂದ ಸೇನಾಧಿಕಾರಿಗಳು ಆಜ್ಞೆ ಮಾಡಲಾರದೆ ಕೋರಿಕೊಂಡರಷ್ಟೇ. 36 ವರ್ಷದ ಕ್ಯಾಪ್ಟನ್ ಲೆನರ್ಡ್ ಲಾರೂ ಕೂಡಲೇ ಒಪ್ಪಿದರು. ಡಿಸೆಂಬರ್ 22ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ, ಸರಕೆತ್ತುವ ಯಂತ್ರಗಳಿಂದಲೇ ಮರದ ಹಲಗೆಗಳ ಮೇಲೆ ಜನರನ್ನು ಉಗ್ರಾಣಗಳಿಗೆ ಇಳಿಸಿದರು. ಹನ್ನೆರಡು ಮಂದಿಯ ಹಡಗಿಗೆ ಸುಮಾರು 14,000 ಮಂದಿ ಏರಿದರು!

ಉಗ್ರಾಣಗಳಲ್ಲಿ ಬೆಳಕಿಲ್ಲ, ಬೆಚ್ಚನೆಯ ಗಾಳಿಯಿಲ್ಲ, ಹಡಗಿನಲ್ಲಿ ವೈದ್ಯರಿಲ್ಲ. ಕೆಳಗೆ ವಿಮಾನದ ಇಂಧನ, ಹೊರಗೆ ಸಿಡಿಮದ್ದು ಹುದುಗಿದ ಕಡಲು. ಒಂದು ಕಿಡಿ ಸಾಕಾಗಿತ್ತು. ಆದರೂ ಒಬ್ಬರೂ ಸಾಯಲಿಲ್ಲ. ಬದಲಾಗಿ ಐದು ಶಿಶುಗಳು ಜನಿಸಿದವು. ಕ್ರಿಸ್ತಜಯಂತಿಯ ಮುನ್ನಾದಿನ ಬುಸಾನ್ ಬಂದರನ್ನು ಮುಟ್ಟಿದಾಗ, ನಿರಾಶ್ರಿತರಿಂದ ತುಂಬಿಹೋಗಿದ್ದ ಆ ಊರಿನಲ್ಲಿ ಇವರಿಗೆ ಸ್ಥಳವಿರಲಿಲ್ಲ. ಬೆತ್ಲೆಹೇಮನ್ನು ಬಲ್ಲ ನಮಗೆ ಆ ಮಾತು ಹೊಸತಲ್ಲ. ಹಡಗು ಗೋಜೆ ದ್ವೀಪಕ್ಕೆ ಸಾಗಿತು. ಡಿಸೆಂಬರ್ 26ರಂದು ಎಲ್ಲರೂ ದಡವೇರಿದರು.

ಮುಂದೆ ಲಾರೂ ಕಡಲನ್ನು ತೊರೆದು, 1954ರಲ್ಲಿ ನ್ಯೂಜೆರ್ಸಿಯ ಬೆನೆಡಿಕ್ಟಿನ ಮಠವೊಂದನ್ನು ಸೇರಿ ಸಹೋದರ ಮರಿನುಸ್ ಎನಿಸಿದರು. ಆ ಕ್ರಿಸ್ತಜಯಂತಿಯಂದು ಚುಕ್ಕಾಣಿ ಹಿಡಿದವನು ದೇವರೇ ಎಂಬುದು ಅವರ ನಂಬಿಕೆ. 2001ರಲ್ಲಿ ದೈವಾಧೀನರಾದರು. ಅವರನ್ನು ಸಂತಪದವಿಗೇರಿಸುವ ಕಾರ್ಯಕ್ರಮ 2019ರಲ್ಲಿ ಆರಂಭವಾಗಿದೆ.

ಹಡಗಾದರೋ ಮತ್ತೆ ಸರಕು ಹೊತ್ತಿತು. ಕೆಲಕಾಲ ಲಂಗರು ಹಾಕಿ ನಿಂತು, ವಿಯೆಟ್ನಾಮ್ ಯುದ್ಧಕಾಲದಲ್ಲಿ ಪುನಃ ದುಡಿಯಿತು. 1993ರಲ್ಲಿ ಚೀನಾದಲ್ಲಿ ಗುಜರಿಯಾಗಿ ಒಡೆಯಲ್ಪಟ್ಟಿತು. ಕಬ್ಬಿಣ ಉಳಿಯಲಿಲ್ಲ, ಇಳಿದುಹೋದವರ ಸಂತತಿ ಉಳಿಯಿತು. 2017ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರಾದ ಮೂನ್ ಜೇ-ಇನ್ ಅವರ ತಂದೆತಾಯಿಯರು ಆ ಹಡಗಿನಲ್ಲಿ ಬಂದವರೇ.

ಬಾಂಧವರೇ, ನೂರು ವರ್ಷ ತುಂಬಿದ ದೇವಾಲಯದ ಗೋಡೆಗಳಿಗೆ ಸುಣ್ಣ ಬಳಿದಿದ್ದೇವೆ, ಬೆಂಚುಗಳನ್ನು ಎಣಿಸಿದ್ದೇವೆ. ಆದರೆ ನಾವೆಯ ಯೋಗ್ಯತೆಯನ್ನು ಪೀಠಗಳ ಲೆಕ್ಕದಿಂದ ಅಳೆಯಲಾಗದು. ದಡದಲ್ಲಿ ನಿಂತವರು ಇಂದಿಗೂ ಇದ್ದಾರೆ: ಕೆಲಸ ಹುಡುಕಿ ಬಂದ ಪರವೂರಿನವರು, ಮಕ್ಕಳಿಂದ ದೂರಾದ ವೃದ್ಧರು, ಸಾಲದಲ್ಲಿ ಮುಳುಗಿದ ಕುಟುಂಬಗಳು. ಸ್ಥಳವಿಲ್ಲವೆನ್ನುವ ಮುನ್ನ ಉಗ್ರಾಣದ ಬಾಗಿಲನ್ನೊಮ್ಮೆ ತೆರೆದು ನೋಡೋಣ. ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.